ಕುರು, ಕೀವು, ನಂಜು: ಚರ್ಮದ ಬ್ಯಾಕ್ಟೀರಿಯಾ ಸೋಂಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುರು ಎದ್ದಾಗ, ಗಾಯ ನಂಜಾದಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಮಾತಿನ ನಡುವೆ ಕೇಳಿದ್ದು, ಪತ್ರದಲ್ಲಿ ಬಂದಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಅಮ್ಮನ ಕಾಲಿಗೆ ಸೋಂಕಾಗಿ ಹತ್ತು ದಿನ ಆಸ್ಪತ್ರೆಯಲ್ಲಿ ಕೂತಿದ್ದಾಗ ಈ ವಿಷಯ ಓದಲು ಶುರು ಮಾಡಿದೆ, ಇನ್ನೂ ಬಿಟ್ಟಿಲ್ಲ. ನಿಮ್ಮ ಚರ್ಮವನ್ನು ಕಣ್ಣಾರೆ ನೋಡಿದ ಡಾಕ್ಟರ ಮಾತೇ ಕೊನೆಯ ಮಾತು. ಅದನ್ನು ಮರೆಯದೆ ಮುಂದೆ ಓದಿ.

## ಮೊದಲಿಗೆ

ದಿನಾ ಸ್ನಾನ ಮಾಡ್ತೀನಿ, ಆದ್ರೂ ಚರ್ಮಕ್ಕೆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತೆ?

ಎಲ್ಲಿಂದಲೂ ಬರಬೇಕಾಗಿಲ್ಲ, ಆಗಲೇ ಅಲ್ಲಿವೆ. ಎಲ್ಲರ ಚರ್ಮದ ಮೇಲೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. ಬಹುಪಾಲು ನಮಗೆ ತೊಂದರೆ ಕೊಡುವುದಿಲ್ಲ. ಜಾಗ ಹಿಡಿದು ಕೂತು, ಕೆಟ್ಟವು ನೆಲೆಯೂರದಂತೆ ತಡೆಯುತ್ತವೆ ಕೂಡ. ಕುರು, ಕೀವಿಗೆ ಮುಖ್ಯ ಕಾರಣವಾದ ಸ್ಟ್ಯಾಫಿಲೋಕಾಕಸ್ ಆರಿಯಸ್ ಸುಮಾರು ಮೂರರಲ್ಲಿ ಒಬ್ಬರ ಮೂಗಿನ ಹೊಳ್ಳೆಯೊಳಗೆ ಸುಮ್ನೆ ಕೂತಿರುತ್ತದೆ. ಅವರಿಗೆ ಅದು ಗೊತ್ತೂ ಇರುವುದಿಲ್ಲ.

ತೊಂದರೆ ಶುರುವಾಗುವುದು ಚರ್ಮದಲ್ಲಿ ಬಿರುಕು ಬಿಟ್ಟಾಗ. ಒಂದು ಗೀರು, ಕ್ಷೌರದ ಬ್ಲೇಡು ತಾಗಿದ್ದು, ಕೆರೆದುಕೊಂಡ ಸೊಳ್ಳೆ ಕಡಿತ, ಕಾಲ್ಬೆರಳ ಸಂದಿಯ ಒಡಕು, ಇಷ್ಟೇ ಸಾಕು. ಹಾಗಾಗಿ ಕುರು ಎದ್ದವರನ್ನು ಕೊಳಕರು ಎಂದು ನೋಡಬೇಡಿ. ಈ ಮಾತಿನಿಂದ ಎಷ್ಟೋ ಮಂದಿ ನಾಚಿಕೊಂಡು ಡಾಕ್ಟರ ಹತ್ತಿರ ತಡವಾಗಿ ಹೋಗುತ್ತಾರೆ.

ಕುರು, ಗುಳ್ಳೆ, ರಾಜಕುರು, ಉಗುರುಸುತ್ತು... ಇವೆಲ್ಲಾ ಒಂದೇನಾ?

ಮೂಲ ಹೆಚ್ಚಾಗಿ ಒಂದೇ, ಜಾಗ ಬೇರೆ. ಕೂದಲಿನ ಬುಡದಲ್ಲಿ ಮೇಲುಮೇಲಕ್ಕೆ ಸೋಂಕಾದರೆ ಸಣ್ಣ ಕೀವುಗುಳ್ಳೆ. ಅದೇ ಬುಡದ ಆಳಕ್ಕೆ ಇಳಿದು ಗಂಟು ಕಟ್ಟಿದರೆ ಕುರು. ಅಕ್ಕಪಕ್ಕದ ನಾಲ್ಕಾರು ಕುರುಗಳು ಒಳಗೊಳಗೇ ಸೇರಿ ಹಲವು ಬಾಯಿ ಬಿಟ್ಟರೆ ರಾಜಕುರು. ಬೆನ್ನಲ್ಲಿ ಎದ್ದರೆ ಅದನ್ನೇ ಬೆನ್ನುಫಣಿ ಅನ್ನುತ್ತಾರೆ. ಉಗುರಿನ ಅಂಚಿನಲ್ಲಾದರೆ ಉಗುರುಸುತ್ತು. ಕೀವು ಕಟ್ಟದೆ ಚರ್ಮದ ಅಡಿಯಲ್ಲೇ ಹರಡಿಕೊಂಡು ಹೋದರೆ ಸೆಲ್ಯುಲೈಟಿಸ್.

ಮೊಡವೆಯನ್ನು ಈ ಗುಂಪಿಗೆ ಸೇರಿಸಬೇಡಿ. ಅದರಲ್ಲೂ ಒಂದು ಬ್ಯಾಕ್ಟೀರಿಯಾದ ಪಾತ್ರವಿದೆ ನಿಜ. ಆದರೆ ಮೊದಲು ಎಣ್ಣೆ ಗ್ರಂಥಿಯ ಬಾಯಿ ಕಟ್ಟಿಕೊಳ್ಳಬೇಕು, ಹಾರ್ಮೋನಿನ ಏರಿಳಿತ ಇರಬೇಕು. ಮೊಡವೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಇದು ಬ್ಯಾಕ್ಟೀರಿಯಾದ್ದೋ, ಫಂಗಸ್ಸೋ, ವೈರಸ್ಸೋ ಅಂತ ಹೇಗೆ ಗೊತ್ತಾಗುತ್ತೆ?

ನೂರಕ್ಕೆ ನೂರು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಆದರೂ ಕೆಲವು ಗುರುತುಗಳಿವೆ. ಬ್ಯಾಕ್ಟೀರಿಯಾ ಸೋಂಕು ಸಾಮಾನ್ಯವಾಗಿ ನೋಯುತ್ತದೆ, ಮುಟ್ಟಿದರೆ ಬಿಸಿ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಹುಳುಕಡ್ಡಿಯಂಥ ಫಂಗಸ್ ನೋವಿಗಿಂತ ತುರಿಕೆ ಜಾಸ್ತಿ. ನಿಧಾನವಾಗಿ ವಾರಗಟ್ಟಲೆ ಉಂಗುರದಂತೆ ಬೆಳೆಯುತ್ತದೆ. ಸರ್ಪಸುತ್ತು ವೈರಸ್ಸಿನದು. ಮೈಯ ಒಂದೇ ಬದಿಯಲ್ಲಿ, ಒಂದು ಪಟ್ಟಿಯಂತೆ, ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ಗುಳ್ಳೆ ಏಳುವ ಮೊದಲೇ ಉರಿ ಶುರುವಾಗಿರುತ್ತದೆ.

ಕಜ್ಜಿ ಇದ್ದವರು ಕೆರೆದು ಕೆರೆದು ಅದರ ಮೇಲೆ ಬ್ಯಾಕ್ಟೀರಿಯಾ ಕೂರುವುದೂ ಉಂಟು. ಆಗ ಕೀವಿಗೆ ಮಾತ್ರ ಮದ್ದು ಮಾಡಿ ಕಜ್ಜಿ ಬಿಟ್ಟರೆ ಮತ್ತೆ ಅದೇ ಕಥೆ.

ಕೀವು ಅಂದ್ರೆ ಕೆಟ್ಟ ರಕ್ತ ಅಲ್ವಾ? ರಕ್ತ ಕೆಟ್ಟಿದ್ದಕ್ಕೇ ಕುರು ಬರೋದು ಅಂತಾರೆ.

ಅಲ್ಲ. ಕೀವು ಅಂದರೆ ಮುಖ್ಯವಾಗಿ ಸತ್ತ ಬಿಳಿ ರಕ್ತಕಣಗಳು. ಬ್ಯಾಕ್ಟೀರಿಯಾ ಒಳಗೆ ಬಂದ ಸುದ್ದಿ ಸಿಕ್ಕ ಕೂಡಲೇ ನ್ಯೂಟ್ರೋಫಿಲ್ ಎಂಬ ಕಣಗಳು ರಕ್ತನಾಳದ ಗೋಡೆಯ ಸಂದಿಯಿಂದ ನುಸುಳಿ ಅಲ್ಲಿಗೆ ಧಾವಿಸುತ್ತವೆ. ಬ್ಯಾಕ್ಟೀರಿಯಾವನ್ನು ನುಂಗಿ, ತಾವೂ ಅಲ್ಲೇ ಸಾಯುತ್ತವೆ. ಅವುಗಳ ಹೆಣ, ಬ್ಯಾಕ್ಟೀರಿಯಾ, ಕರಗಿದ ಮಾಂಸ, ನೀರು, ಇಷ್ಟೂ ಸೇರಿದ್ದೇ ಕೀವು. ಅದರ ಹಸಿರು ಛಾಯೆಗೂ ಈ ಕಣಗಳೊಳಗಿನ ಒಂದು ಕಿಣ್ವವೇ ಕಾರಣ.

ರಕ್ತ ಕೆಡುತ್ತದೆ ಎನ್ನುವ ನಂಬಿಕೆ ತುಂಬಾ ಹಳೆಯದು. ದೇಹದಲ್ಲಿ ನಾಲ್ಕು ರಸಗಳಿವೆ, ಅವು ಏರುಪೇರಾದರೆ ರೋಗ ಎಂದು ಗ್ರೀಕ್ ವೈದ್ಯರು ಹೇಳಿದ್ದು ಯುರೋಪಿನಲ್ಲಿ ಸಾವಿರಾರು ವರ್ಷ ಉಳಿಯಿತು. ಅದಕ್ಕೇ ಜ್ವರ ಬಂದರೂ ಕುರು ಎದ್ದರೂ ರಕ್ತ ತೆಗೆಯುತ್ತಿದ್ದರು.

ಒಬ್ಬರಿಂದ ಒಬ್ಬರಿಗೆ ಅಂಟುತ್ತಾ?

ಕೀವು ಸೋರುವ ಕುರು ಮತ್ತು ಮಕ್ಕಳಲ್ಲಿ ಹಳದಿ ಹಕ್ಕಳೆ ಕಟ್ಟುವ ಇಂಪೆಟೈಗೊ ಅಂಟುತ್ತವೆ. ಟವೆಲ್, ರೇಜರ್, ದಿಂಬಿನ ಹೊದಿಕೆ ಬೇರೆ ಇಡಿ. ಸೋರುವ ಜಾಗವನ್ನು ಮುಚ್ಚಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಸೆಲ್ಯುಲೈಟಿಸ್ ಚರ್ಮದ ಅಡಿಯಲ್ಲಿರುವುದರಿಂದ ಸಾಮಾನ್ಯವಾಗಿ ಅಂಟುವುದಿಲ್ಲ. ಅಂಥವರ ಪಕ್ಕ ಕೂರಲು ಹೆದರಬೇಕಾಗಿಲ್ಲ.

## ಮನೆಯಲ್ಲಿ, ಡಾಕ್ಟರ ಹತ್ತಿರ

ಗಾಯ ಆದ ತಕ್ಷಣ ಏನು ಮಾಡ್ಬೇಕು? ಸ್ಪಿರಿಟ್ ಹಾಕ್ಲಾ?

ಬೇಡ. ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಸುತ್ತಲಿನ ಚರ್ಮಕ್ಕೆ ಸೋಪು ಹಾಕಿ. ಮಣ್ಣು, ಸಿಬಿರು ಇದ್ದರೆ ತೆಗೆಯಿರಿ. ಆಮೇಲೆ ಶುಭ್ರವಾದ ಪಟ್ಟಿ ಕಟ್ಟಿ. ಸ್ಪಿರಿಟ್ಟಾಗಲಿ ಹೈಡ್ರೋಜನ್ ಪೆರಾಕ್ಸೈಡಾಗಲಿ ಬ್ಯಾಕ್ಟೀರಿಯಾದ ಜೊತೆ ಗಾಯ ಮಾಯಿಸುವ ಜೀವಕೋಶಗಳನ್ನೂ ಸುಡುತ್ತವೆ. ಗಾಯ ಆಳವಾಗಿದ್ದರೆ, ಪ್ರಾಣಿ ಕಚ್ಚಿದ್ದರೆ, ತುಕ್ಕು ಮಣ್ಣು ಹೊಕ್ಕಿದ್ದರೆ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಟೆಟನಸ್, ರೇಬಿಸ್ ಲಸಿಕೆಯ ಮಾತೂ ಬರುತ್ತದೆ.

ಕುರು ಹಿಂಡಿಬಿಟ್ರೆ ಬೇಗ ವಾಸಿ ಆಗಲ್ವಾ?

ಹಿಂಡಬೇಡಿ. ಕುರುವಿನ ಸುತ್ತ ದೇಹವೇ ಒಂದು ಗೋಡೆ ಕಟ್ಟಿರುತ್ತದೆ. ಹಿಂಡಿದಾಗ ಸ್ವಲ್ಪ ಕೀವು ಹೊರಗೆ ಬರುತ್ತದೆ, ಆದರೆ ಗೋಡೆ ಒಡೆದು ಉಳಿದದ್ದು ಒಳಕ್ಕೆ ನುಗ್ಗುತ್ತದೆ.

ಮಾಡಬೇಕಾದದ್ದು ಬಿಸಿ ಶಾಖ. ಶುಭ್ರ ಬಟ್ಟೆಯನ್ನು ಚರ್ಮ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ, ಹಿಂಡಿ, ಹತ್ತು ಹದಿನೈದು ನಿಮಿಷ ಕುರುವಿನ ಮೇಲಿಡಿ. ದಿನಕ್ಕೆ ಮೂರು ನಾಲ್ಕು ಸಲ. ಶುರುವಿನಲ್ಲಿ ಕಲ್ಲಿನಂತಿದ್ದ ಗಂಟು ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತದೆ, ನಡುವೆ ಹಳದಿ ಚುಕ್ಕೆ ಕಾಣುತ್ತದೆ. ಹಣ್ಣಾಗುವುದು ಅಂದರೆ ಇದೇ. ಸಣ್ಣದಾದರೆ ತಾನೇ ಒಡೆಯುತ್ತದೆ. ದೊಡ್ಡದಾದರೆ ಡಾಕ್ಟರು ಮರಗಟ್ಟಿಸಿ, ಸಣ್ಣದಾಗಿ ಕೊಯ್ದು ಕೀವು ತೆಗೆಯುತ್ತಾರೆ. ಕೀವಿನ ಗಂಟಿನ ನಡುವೆ ರಕ್ತ ಓಡಾಡುವುದಿಲ್ಲ. ಹಾಗಾಗಿ ನುಂಗಿದ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದೂ ಇಲ್ಲ.

ಮೂಗು, ಮೇಲ್ದುಟಿಯ ಮೇಲಿನ ಕುರುವಿನ ಬಗ್ಗೆ ಇನ್ನೂ ಹುಷಾರು. ಅಲ್ಲಿನ ರಕ್ತನಾಳಗಳಿಗೂ ತಲೆಬುರುಡೆಯೊಳಗಿನವಕ್ಕೂ ನಂಟಿದೆ. ರಷ್ಯಾದ ಸಂಗೀತಗಾರ ಅಲೆಕ್ಸಾಂಡರ್ ಸ್ಕ್ರಿಯಾಬಿನ್ 1915ರಲ್ಲಿ ತೀರಿಕೊಂಡದ್ದು ಮೇಲ್ದುಟಿಯ ಮೇಲೆ ಎದ್ದ ಒಂದು ಕುರುವಿನ ನಂಜು ರಕ್ತಕ್ಕೆ ಸೇರಿ. ಆಗ ಅವರಿಗೆ 43 ವರ್ಷ. ಈಗ ಔಷಧಿ ಇದೆ, ಅಂಥದ್ದು ಅಪರೂಪ. ಆದರೂ ಕನ್ನಡಿ ಮುಂದೆ ನಿಂತು ಮೂಗಿನ ಪಕ್ಕದ ಕುರುವಿಗೆ ಉಗುರು ಹಾಕುವಾಗ ಇದನ್ನು ನೆನಪಿಸಿಕೊಳ್ಳಿ.

ಮಗುವಿನ ಮೂಗಿನ ಕೆಳಗೆ ಹಳದಿ ಹಕ್ಕಳೆ ಕಟ್ಟಿದೆ. ಸುಮ್ನೆ ಬಿಟ್ರೆ ಹೋಗುತ್ತಾ?

ಜೇನಿನ ಬಣ್ಣದ, ಅಂಟಂಟಾದ ಹಕ್ಕಳೆ ಕಂಡರೆ ಅದು ಇಂಪೆಟೈಗೊ ಇರಬಹುದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಜಾಸ್ತಿ. ಒಂದೆರಡು ಜಾಗದಲ್ಲಿದ್ದರೆ ಹಚ್ಚುವ ಮುಲಾಮು ಸಾಕು, ಹರಡಿದ್ದರೆ ಕುಡಿಯುವ ಔಷಧಿ ಬೇಕು. ಔಷಧಿ ಶುರುವಾಗಿ ಒಂದು ದಿನ ಆಗುವವರೆಗೆ ಶಾಲೆಗೆ ಕಳಿಸಬೇಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಇದಕ್ಕೆ ಸ್ಟ್ರೆಪ್ಟೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಾರಣವಾಗಿದ್ದರೆ, ಚರ್ಮ ವಾಸಿಯಾದ ಕೆಲವು ವಾರಗಳ ನಂತರ ಅಪರೂಪಕ್ಕೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮುಖ ಊದಿಕೊಂಡರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ.

ಕಾಲು ಕೆಂಪಗೆ ಬಾತುಕೊಂಡಿದೆ, ಬಿಸಿ ಇದೆ, ಆದ್ರೆ ಗಾಯ ಏನೂ ಕಾಣ್ತಿಲ್ಲ. ಏನಿರಬಹುದು?

ಅಮ್ಮನಿಗೆ ಆಗಿದ್ದು ಇದೇ. ರಾತ್ರಿ ಚಳಿ, ನಡುಕ. ಬೆಳಗ್ಗೆ ನೋಡಿದರೆ ಎಡಗಾಲಿನ ಮೀನಖಂಡ ಕೆಂಪಗೆ ಹೊಳೆಯುತ್ತಿತ್ತು. ಮೊದಲು ತೋರಿಸಿದ ಕಡೆ ಅಲರ್ಜಿ ಎಂದು ಮುಲಾಮು ಕೊಟ್ಟರು. ಮರುದಿನ ಸಂಜೆಗೆ ಕೆಂಪು ಮೊಣಕಾಲು ಮುಟ್ಟಿತು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಬಂದು ಕಾಲನ್ನು ಮೆಲ್ಲಗೆ ಎತ್ತಿ, ಕೆಂಪಿನ ಅಂಚಿನುದ್ದಕ್ಕೂ ನೀಲಿ ಪೆನ್ನಿನಿಂದ ಗೆರೆ ಎಳೆದರು. ಪಕ್ಕದಲ್ಲಿ ಗಂಟೆ, ತಾರೀಖು ಬರೆದರು. ಆಮೇಲೆ ಕಾಲ್ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ನೋಡಿದರು. ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಒಡೆದಿತ್ತು. ಬ್ಯಾಕ್ಟೀರಿಯಾ ಹೊಕ್ಕ ಬಾಗಿಲು ಅದು. ನಾವ್ಯಾರೂ ಅಲ್ಲಿ ನೋಡಿಯೇ ಇರಲಿಲ್ಲ.

ಸೆಲ್ಯುಲೈಟಿಸ್ ಹೆಚ್ಚಾಗಿ ಒಂದೇ ಕಾಲಿಗೆ ಬರುತ್ತದೆ. ಎರಡೂ ಕಾಲು ಒಟ್ಟಿಗೆ ಕೆಂಪಾಗಿ, ಜ್ವರವಿಲ್ಲದೆ, ತಿಂಗಳುಗಟ್ಟಲೆ ಇದ್ದರೆ ಅದು ರಕ್ತನಾಳದ ತೊಂದರೆಯ ಎಸ್ಜಿಮಾ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಆಂಟಿಬಯಾಟಿಕ್ ಬೇಡ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಲೂಬಹುದು. ಅದಕ್ಕೇ ಇದನ್ನು ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಔಷಧಿ ಶುರುವಾದ ಮೊದಲ ಒಂದೆರಡು ದಿನ ಕೆಂಪು ಗೆರೆಯಿಂದ ಸ್ವಲ್ಪ ಆಚೆ ಹೋಗಬಹುದು. ಜ್ವರ, ನೋವು ಇಳಿಯುತ್ತಿದ್ದರೆ ಗಾಬರಿ ಬೇಡ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಇದು ಸಣ್ಣ ಕೆಲಸ ಅನಿಸಬಹುದು, ಬಾವು ಇಳಿಯಲು ತುಂಬಾ ಸಹಾಯ. ಬೆರಳ ಸಂದಿಯ ಫಂಗಸ್‌ಗೂ ಮದ್ದು ಮಾಡಿಸಿ, ಇಲ್ಲದಿದ್ದರೆ ಅದೇ ಬಾಗಿಲಿನಿಂದ ಮತ್ತೆ ಬರುತ್ತದೆ.

ಯಾವಾಗ ರಾತ್ರೋರಾತ್ರಿ ಆಸ್ಪತ್ರೆಗೆ ಓಡ್ಬೇಕು?

ನೋವು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಜಾಸ್ತಿ ಇದ್ದಾಗ. ಚರ್ಮ ಸ್ವಲ್ಪವೇ ಕೆಂಪಾಗಿದೆ, ಆದರೆ ರೋಗಿ ನೋವಿಗೆ ಕಿರುಚುತ್ತಿದ್ದಾರೆ ಎಂದರೆ ಅದು ಮಾಂಸ ಕೊಳೆಸುವ ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್ ಇರಬಹುದು. ಕೆಂಪು ಗಂಟೆಗಟ್ಟಲೆಯಲ್ಲೇ ಹರಡುವುದು, ನೇರಳೆ ಅಥವಾ ಕಪ್ಪು ಬಣ್ಣ, ನೀರುಬೊಬ್ಬೆ, ಒತ್ತಿದರೆ ಚರಚರ ಅನ್ನುವುದು, ಮುಟ್ಟಿದರೆ ತಿಳಿಯದಿರುವುದು, ಗೊಂದಲದ ಮಾತು, ಇವೂ ಅಪಾಯದ ಗುರುತುಗಳು. ಇಲ್ಲಿ ಮಾತ್ರೆ ಸಾಕಾಗುವುದಿಲ್ಲ. ಆಪರೇಷನ್ ಮಾಡಿ ಸತ್ತ ಭಾಗ ತೆಗೆಯಲೇಬೇಕು, ಅದೂ ಬೇಗ.

ಕಣ್ಣಿನ ಸುತ್ತ ಬಾತು ಕಣ್ಣುಗುಡ್ಡೆ ಹೊರಳಿಸಲು ನೋವಾದರೂ ಕಾಯಬೇಡಿ. ಎಳೆಗೂಸು, ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇವರ ವಿಷಯದಲ್ಲಿ ಬೆಳಗಾಗಲಿ ಎನ್ನುವುದೇ ಬೇಡ.

ಒಂದು ಹೋಯ್ತು ಅನ್ನೋಷ್ಟರಲ್ಲಿ ಇನ್ನೊಂದು ಕುರು ಏಳುತ್ತೆ. ಯಾಕೆ?

ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಹೀಗೆ. ಅದಿಲ್ಲದಿದ್ದರೆ, ಮೂಗಿನಲ್ಲಿ ಸ್ಟ್ಯಾಫ್, ಅಂದರೆ ಮೊದಲು ಹೇಳಿದ ಸ್ಟ್ಯಾಫಿಲೋಕಾಕಸ್, ಮನೆ ಮಾಡಿರಬಹುದು. ಡಾಕ್ಟರು ಕೆಲವು ದಿನ ಮೂಗಿಗೆ ಮ್ಯುಪಿರೋಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದ ಸ್ನಾನ ಹೇಳುತ್ತಾರೆ. ಮನೆಮಂದಿಗೆಲ್ಲ ಒಟ್ಟಿಗೆ ಮಾಡಿದರೆ ಫಲ ಹೆಚ್ಚು. ಅಂದ ಹಾಗೆ ಈ ಮ್ಯುಪಿರೋಸಿನ್ ಸಿಗುವುದೂ ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಿಂದಲೇ.

ಕಂಕುಳು, ತೊಡೆಸಂದಿಯಲ್ಲೇ ಮತ್ತೆ ಮತ್ತೆ ಎದ್ದು, ಒಳಗೆ ಸುರಂಗದಂತಾಗಿ ಕಲೆ ಉಳಿಯುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಹೆಸರು ಹೈಡ್ರಾಡಿನೈಟಿಸ್ ಸಪ್ಯುರೇಟಿವಾ. ಅದು ಬರೀ ಸೋಂಕಲ್ಲ, ಚರ್ಮತಜ್ಞರೇ ನೋಡಬೇಕು. ಕಾರ್ಲ್ ಮಾರ್ಕ್ಸ್ ವರ್ಷಗಟ್ಟಲೆ ಕುರುಗಳಿಂದ ನರಳಿದರು. ಕೂರಲಾಗದೆ ನಿಂತೇ ಬರೆದ ದಿನಗಳಿದ್ದವು. ಅವರ ಪತ್ರಗಳನ್ನು ಓದಿದ ಸ್ಯಾಮ್ ಶುಸ್ಟರ್ ಎಂಬ ಬ್ರಿಟಿಷ್ ಚರ್ಮತಜ್ಞರು 2007ರಲ್ಲಿ, ಅದು ಇದೇ ಕಾಯಿಲೆ ಇರಬೇಕು ಎಂದು ವಾದಿಸಿದರು.

## ಹಿಂದಿನ ಕಾಲ

ಆಂಟಿಬಯಾಟಿಕ್ ಇಲ್ದೇ ಇದ್ದಾಗ ಏನ್ಮಾಡ್ತಿದ್ರು?

ಕಾಯುತ್ತಿದ್ದರು, ಕೊಯ್ಯುತ್ತಿದ್ದರು, ಕಟ್ಟುತ್ತಿದ್ದರು. ಸುಶ್ರುತ ಸಂಹಿತೆ ಬಾವನ್ನು ಮೂರು ಹಂತವಾಗಿ ನೋಡುತ್ತದೆ: ಕಾಯಿ, ಹಣ್ಣಾಗುತ್ತಿರುವುದು, ಹಣ್ಣು. ಕಾಯಿಯಾಗಿರುವಾಗ ಕೊಯ್ಯುವವನೂ ತಪ್ಪುಗಾರ, ಹಣ್ಣಾದ ಮೇಲೂ ಕೊಯ್ಯದೆ ಬಿಡುವವನೂ ತಪ್ಪುಗಾರ ಎಂದು ಅದು ಖಾರವಾಗಿಯೇ ಹೇಳುತ್ತದೆ. ಇವತ್ತಿನ ಸರ್ಜನ್ ಬೆರಳಿನಿಂದ ಒತ್ತಿ ಒಳಗೆ ಕೀವು ಅಲುಗುತ್ತದೆಯೇ ಎಂದು ನೋಡುವುದೂ ಇದೇ ಲೆಕ್ಕಾಚಾರ.

ರೋಮಿನ ಸೆಲ್ಸಸ್ 1ನೇ ಶತಮಾನದಲ್ಲಿ ಉರಿಯೂತಕ್ಕೆ ನಾಲ್ಕು ಗುರುತು ಬರೆದಿಟ್ಟ: ಕೆಂಪು, ಬಾವು, ಬಿಸಿ, ನೋವು. ವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ಬಾಯಿಪಾಠ ಮಾಡುವುದು ಇವನ್ನೇ. ಈಜಿಪ್ಟಿನವರು ಗಾಯಕ್ಕೆ ಜೇನು ಹಚ್ಚುತ್ತಿದ್ದರು. ಜೇನು ನೀರನ್ನು ಹೀರುತ್ತದೆ, ಹುಳಿ ಗುಣದ್ದು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಶುದ್ಧೀಕರಿಸಿದ ಜೇನಿನ ಪಟ್ಟಿಗಳು ಈಗಲೂ ಬಳಕೆಯಲ್ಲಿವೆ.

ಆದರೆ ಒಂದು ತಪ್ಪು ಬಹಳ ಕಾಲ ನಡೆಯಿತು. ಗಾಯದಲ್ಲಿ ದಪ್ಪ ಬಿಳಿ ಕೀವು ಬಂದರೆ ಒಳ್ಳೆಯ ಲಕ್ಷಣ, ಮಾಯುವ ದಾರಿಯೇ ಅದು ಎಂದು ಯುರೋಪಿನ ವೈದ್ಯರು ನಂಬಿದ್ದರು. ಕೀವು ಬರಿಸಲೆಂದೇ ಗಾಯದೊಳಗೆ ಏನೇನೋ ತುರುಕಿದರು. 13ನೇ ಶತಮಾನದಲ್ಲಿ ಇಟಲಿಯ ಥಿಯೋಡೊರಿಕ್ ಬೊರ್ಗೊನೊನಿ, ಗಾಯವನ್ನು ಶುಚಿ ಮಾಡಿ ಒಣಗಿಸಿ ಮುಚ್ಚಿದರೆ ಕೀವಿಲ್ಲದೆಯೇ ಮಾಯುತ್ತದೆ ಎಂದರು. ಕೇಳಿದವರು ಕಡಿಮೆ.

ಒಂದು ಗೀರಿನಿಂದ ಜನ ನಿಜವಾಗ್ಲೂ ಸಾಯ್ತಿದ್ರಾ?

ನಿಜವಾಗಿಯೂ. ತುತಾಂಖಾಮುನ್ ಸಮಾಧಿಯ ಶೋಧಕ್ಕೆ ಹಣ ಕೊಟ್ಟ ಲಾರ್ಡ್ ಕಾರ್ನಾರ್ವನ್ 1923ರ ಏಪ್ರಿಲ್ 5ರಂದು ಕೈರೋದಲ್ಲಿ ತೀರಿಕೊಂಡರು. ಮಮ್ಮಿಯ ಶಾಪ ಎಂದು ಪತ್ರಿಕೆಗಳು ಬರೆದವು. ಆಗಿದ್ದು ಇಷ್ಟು: ಕೆನ್ನೆಗೆ ಸೊಳ್ಳೆ ಕಚ್ಚಿತ್ತು, ಶೇವ್ ಮಾಡುವಾಗ ಅದಕ್ಕೆ ರೇಜರ್ ತಾಗಿತು. ಅಲ್ಲಿಂದ ಎರಿಸಿಪೆಲಾಸ್, ರಕ್ತದ ನಂಜು, ಕೊನೆಗೆ ನ್ಯುಮೋನಿಯಾ. ಹಣಕ್ಕೆ, ವೈದ್ಯರಿಗೆ ಕೊರತೆ ಇಲ್ಲದ ಮನುಷ್ಯ. ಇಲ್ಲದಿದ್ದದ್ದು ಔಷಧಿ ಒಂದೇ.

ಎರಿಸಿಪೆಲಾಸ್ ಅಂದರೆ ಚರ್ಮದ ಮೇಲ್ಪದರದಲ್ಲಿ ಹರಡುವ, ಅಂಚು ಎದ್ದು ಕಾಣುವ ಕೆಂಪು ಸೋಂಕು. ಯುರೋಪಿನಲ್ಲಿ ಇದನ್ನು ಸಂತ ಆಂಥೋನಿಯ ಬೆಂಕಿ ಎಂದು ಕರೆಯುತ್ತಿದ್ದರು. ಬೂಸ್ಟು ಹಿಡಿದ ಧಾನ್ಯದ ವಿಷದಿಂದ ಕೈಕಾಲು ಕೊಳೆಯುವ ರೋಗಕ್ಕೂ ಅದೇ ಹೆಸರಿತ್ತು. ಹಳೆಯ ದಾಖಲೆ ಓದುವಾಗ ಯಾವುದು ಯಾವುದೆಂದು ಬಿಡಿಸುವುದು ಕಷ್ಟ.

ಕೀವಿನಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ಮೊದಲು ಕಂಡಿದ್ದು ಯಾರು?

ಒಬ್ಬರ ಹೆಸರು ಹೇಳುವುದು ಕಷ್ಟ. ವಿಯೆನ್ನಾದ ಸರ್ಜನ್ ಥಿಯೋಡೋರ್ ಬಿಲ್ರೋತ್ 1874ರಲ್ಲಿ ಸರದಂತೆ ಪೋಣಿಸಿಕೊಂಡ ದುಂಡು ಜೀವಿಗಳನ್ನು ಕಂಡು ಸ್ಟ್ರೆಪ್ಟೋಕಾಕಸ್ ಎಂದರು. ಲೂಯಿ ಪಾಶ್ಚರ್ ತಮ್ಮ ಸಹಾಯಕ ಎಮಿಲ್ ದ್ಯುಕ್ಲೋ ಅವರ ಕುರುವಿನ ಕೀವನ್ನೇ ತೆಗೆದು ಸೂಕ್ಷ್ಮಜೀವಿ ಬೆಳೆಸಿದರು. ಮೂಳೆಯ ಮಜ್ಜೆಯ ಕೀವಿನಲ್ಲೂ ಅದೇ ಸಿಕ್ಕಾಗ, ಇದು ಮೂಳೆಗೆ ಎದ್ದ ಕುರು ಎಂದರು.

ನನಗೆ ಇಷ್ಟವಾದ ಕಥೆ ಸ್ಕಾಟ್ಲೆಂಡಿನ ಅಬರ್ಡೀನ್‌ನ ಸರ್ಜನ್ ಅಲೆಕ್ಸಾಂಡರ್ ಆಗ್ಸ್ಟನ್ ಅವರದು. ಬಾವು ಕೊಯ್ದಾಗಲೆಲ್ಲ ಬರುವ ಕೀವಿನಲ್ಲಿ ಏನಿದೆ ಎಂಬ ಕುತೂಹಲ ಅವರಿಗೆ. ಒಬ್ಬ ರೋಗಿಯ ಕೀವನ್ನು ಗಾಜಿನ ಮೇಲೆ ಸವರಿ, ನೇರಳೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ಸತ್ತ ಕಣಗಳ ನಡುವೆ ಗೊಂಚಲು ಗೊಂಚಲಾಗಿ ದುಂಡು ಜೀವಿಗಳು ಕಂಡವು. ಅವರು ಅಲ್ಲಿಗೇ ಬಿಡಲಿಲ್ಲ. ಮನೆಯ ಹಿಂದೆಯೇ ಪ್ರಯೋಗಾಲಯ ಮಾಡಿಕೊಂಡು, ಕೋಳಿಮೊಟ್ಟೆಯೊಳಗೆ ಆ ಜೀವಿಗಳನ್ನು ಬೆಳೆಸಿ, ಪ್ರಾಣಿಗಳಿಗೆ ಚುಚ್ಚಿ ಮತ್ತೆ ಬಾವು ಬರುವುದನ್ನು ತೋರಿಸಿದರು. 1880ರಲ್ಲಿ ಬರ್ಲಿನ್ನಿನ ಸರ್ಜನ್‌ಗಳ ಸಭೆಯಲ್ಲಿ ಇದನ್ನು ಮಂಡಿಸಿದರು. 1882ರಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಹೆಸರು ಕೊಟ್ಟರು. ಗ್ರೀಕಿನಲ್ಲಿ ಸ್ಟ್ಯಾಫಿಲೆ ಎಂದರೆ ದ್ರಾಕ್ಷಿ ಗೊಂಚಲು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಅದರಲ್ಲಿ ಚಿನ್ನದ ಬಣ್ಣಕ್ಕೆ ಬೆಳೆಯುವುದನ್ನು ಬೇರೆ ಮಾಡಿ ಆರಿಯಸ್ ಎಂದರು.

ಆಗ ಆಸ್ಪತ್ರೆಗೆ ಹೋದ್ರೇ ಸೋಂಕು ಬರ್ತಿತ್ತಂತೆ, ಹೌದಾ?

ಹೌದು. ಸರ್ಜನ್‌ಗಳು ಒಂದು ಗಾಯ ಮುಟ್ಟಿದ ಕೈಯಲ್ಲೇ ಇನ್ನೊಂದನ್ನು ಮುಟ್ಟುತ್ತಿದ್ದರು. ಅಬರ್ಡೀನ್‌ನವರೇ ಆದ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲೇ, ಬಾಣಂತಿ ಜ್ವರಕ್ಕೂ ಎರಿಸಿಪೆಲಾಸ್‌ಗೂ ನಂಟಿದೆ, ವೈದ್ಯರು ಮತ್ತು ಸೂಲಗಿತ್ತಿಯರೇ ಅದನ್ನು ಹೊತ್ತು ತರುತ್ತಾರೆ ಎಂದು ಬರೆದರು. ತಾವೂ ಹೊತ್ತಿದ್ದೇನೆ ಎಂದು ಒಪ್ಪಿಕೊಂಡರು. ಅದಕ್ಕೆ ಸಿಕ್ಕಿದ್ದು ಊರವರ ಸಿಟ್ಟು. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದರು. ಅವರಿಗೂ ಅದೇ ಪಾಡಾಯಿತು.

1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದ ಜೋಸೆಫ್ ಲಿಸ್ಟರ್, ಗಾಡಿ ಹರಿದು ಕಾಲುಮೂಳೆ ಮುರಿದು ಚರ್ಮ ಹರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಅದ್ದಿದ ಬಟ್ಟೆ ಕಟ್ಟಿದರು. ಅಂಥ ಗಾಯವಾದರೆ ಕಾಲು ಕತ್ತರಿಸುವುದೇ ವಾಡಿಕೆ. ಆರು ವಾರದಲ್ಲಿ ಮೂಳೆ ಕೂಡಿತು, ಕೀವು ಬರಲಿಲ್ಲ.

ಪೆನಿಸಿಲಿನ್ ಮೊದಲು ಕೊಟ್ಟಿದ್ದು ಚರ್ಮದ ಸೋಂಕಿಗೇ ಅಂತೆ?

ಅದಕ್ಕೂ ಮೊದಲು ಸಲ್ಫಾ ಎಂಬ ಗುಂಪಿನ ಔಷಧಿ ಬಂತು. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತು ಸ್ಟ್ರೆಪ್ಟೋಕಾಕಸ್ ಸೋಂಕನ್ನು ತಡೆಯುತ್ತದೆ ಎಂದು ಕಂಡುಕೊಂಡಿದ್ದರು. 1935ರಲ್ಲಿ ಅವರ ಪುಟ್ಟ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿತು. ತೋಳು ಕತ್ತರಿಸುವ ಮಾತು ಬಂದಾಗ ತಂದೆ ತಮ್ಮ ಔಷಧಿಯನ್ನೇ ಕೊಟ್ಟರು. ತೋಳು ಉಳಿಯಿತು.

ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ತಂಡ ಪೆನಿಸಿಲಿನ್ ಕೊಟ್ಟಿದ್ದು 43 ವರ್ಷದ ಪೊಲೀಸ್ ಆಲ್ಬರ್ಟ್ ಅಲೆಕ್ಸಾಂಡರ್ ಅವರಿಗೆ, 1941ರ ಫೆಬ್ರವರಿ 12ರಂದು. ಮುಖದ ಗಾಯಕ್ಕೆ ಸ್ಟ್ಯಾಫ್, ಸ್ಟ್ರೆಪ್ ಎರಡೂ ಸೇರಿ ತಲೆ ತುಂಬಾ ಬಾವು. ಒಂದು ಕಣ್ಣನ್ನೇ ತೆಗೆಯಬೇಕಾಗಿತ್ತು. ಗುಲಾಬಿ ಮುಳ್ಳು ಗೀರಿತು ಎಂಬ ಕಥೆ ಎಲ್ಲೆಡೆ ಇದೆ, ಆದರೆ ಬಾಂಬ್ ದಾಳಿಯಲ್ಲಿ ಆದ ಗಾಯ ಎಂದು ಅವರ ಮಗಳು ಹೇಳಿದ್ದಾರೆ. ಔಷಧಿ ಕೊಟ್ಟ ಒಂದು ದಿನದಲ್ಲೇ ಜ್ವರ ಇಳಿಯಿತು. ಆದರೆ ಔಷಧಿ ಇದ್ದದ್ದು ಚೂರೇ ಚೂರು. ಅವರ ಮೂತ್ರದಿಂದ ಪೆನಿಸಿಲಿನ್ನನ್ನು ಮತ್ತೆ ಸೋಸಿ ತೆಗೆದು ಕೊಟ್ಟರು. ಐದು ದಿನಕ್ಕೆ ಅದೂ ಮುಗಿಯಿತು. ಸೋಂಕು ಮರಳಿತು, ಮಾರ್ಚ್ 15ರಂದು ಅವರು ತೀರಿಕೊಂಡರು. ಇದನ್ನು ಓದಿದಾಗ ನನಗೆ ಅಮ್ಮನ ಮಂಚದ ಪಕ್ಕ ತೂಗುತ್ತಿದ್ದ ಬಾಟಲಿ ನೆನಪಾಯಿತು. ಅದು ಮುಗಿದರೆ ಇನ್ನೊಂದು ತರುತ್ತಿದ್ದರು, ಅಷ್ಟೇ.

## ಇನ್ನೂ ಆಳಕ್ಕೆ

ಎಂಆರ್‌ಎಸ್‌ಎ ಅಂದ್ರೆ ಏನು? ಅದಕ್ಕೆ ಮದ್ದೇ ಇಲ್ವಾ?

ಮದ್ದಿದೆ, ಆಯ್ಕೆ ಕಡಿಮೆ. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಅದನ್ನು ಕಟ್ಟುವ ಕಿಣ್ವಗಳನ್ನು ಮೇಸ್ತ್ರಿಗಳು ಅಂದುಕೊಳ್ಳಿ. ಪೆನಿಸಿಲಿನ್ ಈ ಮೇಸ್ತ್ರಿಗಳ ಕೈ ಕಟ್ಟುತ್ತದೆ, ಗೋಡೆ ನಿಲ್ಲದೆ ಬ್ಯಾಕ್ಟೀರಿಯಾ ಒಡೆಯುತ್ತದೆ. ಸ್ಟ್ಯಾಫ್ ಮೊದಲು ಪೆನಿಸಿಲಿನ್ನನ್ನೇ ಮುರಿಯುವ ಕಿಣ್ವ ತಯಾರಿಸಿತು. 1940ರ ದಶಕದಲ್ಲೇ ಆಸ್ಪತ್ರೆಗಳಲ್ಲಿ ಅಂಥವು ಹೆಚ್ಚಿದವು. ಮುರಿಯಲಾಗದ ಮೆಥಿಸಿಲಿನ್ ಬಂತು. 1961ರಲ್ಲೇ ಬ್ರಿಟನ್ನಿನಿಂದ ಅದಕ್ಕೂ ಬಗ್ಗದ ಸ್ಟ್ಯಾಫ್ ವರದಿಯಾಯಿತು. ಅದು ಹೊಸ ಮೇಸ್ತ್ರಿಯನ್ನೇ ಕರೆತಂದಿತ್ತು, ಔಷಧಿ ಅವನ ಕೈ ಹಿಡಿಯಲಾರದು. ಅದೇ ಎಂಆರ್‌ಎಸ್‌ಎ.

ಕೀವನ್ನು ಲ್ಯಾಬ್‌ಗೆ ಕಳಿಸುವುದು ಇದಕ್ಕೇ. ಯಾವ ಔಷಧಿಗೆ ಸಾಯುತ್ತದೆ ಎಂದು ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ. ಸಣ್ಣ ಕುರುವಾದರೆ ಎಂಆರ್‌ಎಸ್‌ಎ ಇದ್ದರೂ ಕೀವು ತೆಗೆದರೆ ಬಹಳ ಸಲ ವಾಸಿಯಾಗುತ್ತದೆ.

ಹಾಗಾದ್ರೆ ಪೆನಿಸಿಲಿನ್ ಕಾಲ ಮುಗೀತಾ?

ಎಲ್ಲಕ್ಕೂ ಅಲ್ಲ. ಎರಿಸಿಪೆಲಾಸ್, ಬಹುಪಾಲು ಸೆಲ್ಯುಲೈಟಿಸ್ ತರುವ ಎ ಗುಂಪಿನ ಸ್ಟ್ರೆಪ್ಟೋಕಾಕಸ್‌ಗೆ 80 ವರ್ಷ ದಾಟಿದರೂ ಪೆನಿಸಿಲಿನ್ ಕೆಲಸ ಮಾಡುತ್ತಿದೆ. ಅದೇ ಜೀವಿ ಎರಿತ್ರೊಮೈಸಿನ್‌ನಂಥ ಔಷಧಿಗೆ ಬಗ್ಗದೇ ಇರುವುದು ಕಲಿತಿದೆ. ಸೆಲ್ಯುಲೈಟಿಸ್ ಪದೇ ಪದೇ ಬರುವವರಿಗೆ ದಿನಾ ಸಣ್ಣ ಪ್ರಮಾಣದ ಪೆನಿಸಿಲಿನ್ ಕೊಟ್ಟರೆ ಮರಳುವುದು ಕಡಿಮೆಯಾಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಾತ್ರೆ ನಿಲ್ಲಿಸಿದ ಮೇಲೆ ಆ ರಕ್ಷಣೆ ಉಳಿಯಲಿಲ್ಲ.

ಮನೆಯಲ್ಲಿ ಉಳಿದಿರೋ ಮಾತ್ರೆ, ಟ್ಯೂಬ್ ಬಳಸಬಹುದಾ?

ಬೇಡ. ಅದು ಬೇರೆ ಸೋಂಕಿಗೆ, ಬೇರೆ ಬ್ಯಾಕ್ಟೀರಿಯಾಕ್ಕೆ ಕೊಟ್ಟಿದ್ದು. ಟ್ಯೂಬಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂರು ನಾಲ್ಕು ಔಷಧಿ ಸೇರಿಸಿದ ಕ್ರೀಮುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನ ಕೆಂಪು ಇಳಿದು ಹಿತ ಅನಿಸುತ್ತದೆ. ದೇಹದ ಕಾವಲನ್ನೇ ಮಲಗಿಸಿರುವುದರಿಂದ ಆ ಹಿತ. ಅಡಿಯಲ್ಲಿ ಸೋಂಕು ಬೆಳೆಯುತ್ತಲೇ ಇರುತ್ತದೆ. ಎಷ್ಟು ದಿನ ಮಾತ್ರೆ ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಸಾಧಾರಣ ಸೆಲ್ಯುಲೈಟಿಸ್‌ಗೆ ಈಗ ಐದರಿಂದ ಏಳು ದಿನ ಸಾಕೆನ್ನುತ್ತಾರೆ. ಹೇಳಿದಷ್ಟು ತೆಗೆದುಕೊಳ್ಳಿ.

ಚರ್ಮದ ಸೋಂಕಿನಿಂದ ಕ್ಯಾನ್ಸರ್ ಗುಣವಾಯ್ತು ಅಂತ ಓದಿದೆ. ನಿಜಾನಾ?

ಅಂಥ ಘಟನೆಗಳಿವೆ. ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಹಳೆಯ ದಾಖಲೆ ಹುಡುಕುವಾಗ, ಕತ್ತಿನ ಗೆಡ್ಡೆ ಇದ್ದ ರೋಗಿಯೊಬ್ಬರಿಗೆ ಎರಿಸಿಪೆಲಾಸ್ ಬಂದು ಗೆಡ್ಡೆ ಕರಗಿದ್ದು ಕಂಡರು. ಹುಡುಕಿ ಹೋದರೆ ಆ ಮನುಷ್ಯ ವರ್ಷಗಳ ನಂತರವೂ ಆರೋಗ್ಯವಾಗಿದ್ದರು. 1891ರಿಂದ ಕೋಲಿ ಬೇಕೆಂದೇ ಸ್ಟ್ರೆಪ್ಟೋಕಾಕಸ್ ಚುಚ್ಚಿದರು. ಕೆಲವರ ಗೆಡ್ಡೆ ಕರಗಿತು, ಕೆಲವರು ಸೋಂಕಿನಿಂದಲೇ ಸತ್ತರು. ಆಮೇಲೆ ಸತ್ತ ಬ್ಯಾಕ್ಟೀರಿಯಾದ ಮಿಶ್ರಣ ಬಳಸಿದರು. ದೇಹದ ರಕ್ಷಣಾ ಪಡೆಯನ್ನು ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡುವ ಇಂದಿನ ಚಿಕಿತ್ಸೆಗಳ ಕಥೆ ಹೇಳುವಾಗ ಅವರ ಹೆಸರು ಬರುತ್ತದೆ. ಆದರೆ ಸೋಂಕನ್ನು ಬಿಟ್ಟರೆ ಕ್ಯಾನ್ಸರ್ ಹೋಗುತ್ತದೆ ಎಂದು ಯಾರೂ ಅಂದುಕೊಳ್ಳಬೇಡಿ.

ಇಷ್ಟೆಲ್ಲಾ ಗೊತ್ತಿದ್ದೂ ಲಸಿಕೆ ಯಾಕಿಲ್ಲ?

ಪ್ರಯತ್ನಗಳಿಗೆ ಕೊರತೆ ಇಲ್ಲ. ಸ್ಟ್ಯಾಫ್ ನಮ್ಮಲ್ಲಿ ಎಷ್ಟೋ ಮಂದಿಯ ಮೈಮೇಲೇ ಇರುವಂಥದ್ದು, ನಮ್ಮ ರಕ್ಷಣೆಯಿಂದ ತಪ್ಪಿಸಿಕೊಳ್ಳುವ ಹತ್ತು ದಾರಿ ಅದಕ್ಕೆ ಗೊತ್ತು. ಒಂದು ಸಲ ಕುರು ಎದ್ದವರಿಗೆ ಇನ್ನೊಂದು ಏಳದಂತೆ ರಕ್ಷಣೆ ಸಿಗುವುದಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಮನುಷ್ಯರ ಮೇಲೆ ನಡೆಸಿದ ದೊಡ್ಡ ಪರೀಕ್ಷೆಗಳಲ್ಲಿ ಇದುವರೆಗಿನ ಲಸಿಕೆಗಳು ಸೋತಿವೆ. ಸ್ಟ್ರೆಪ್ಟೋಕಾಕಸ್‌ದು ಬೇರೆ ತೊಡಕು. ಅದರ ಮೇಲ್ಮೈಯ ಎಂ ಪ್ರೋಟೀನಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಜೊತೆಗೆ ಅದರ ಕೆಲವು ಭಾಗ ನಮ್ಮ ಹೃದಯದ ಮಾಂಸವನ್ನು ಹೋಲುತ್ತದೆ. ಲಸಿಕೆಯಿಂದ ಎಚ್ಚೆತ್ತ ರಕ್ಷಣಾ ಪಡೆ ಹೃದಯದ ಮೇಲೇ ತಿರುಗಿಬಿದ್ದರೆ ಎಂಬ ಭಯ. ಆ ಭಾಗಗಳನ್ನು ಬಿಟ್ಟು ಉಳಿದದ್ದರಿಂದ ಲಸಿಕೆ ಮಾಡುವ ಕೆಲಸ ಈಗ ನಡೆಯುತ್ತಿದೆ.